ಗೀಜಗ ಗೂಡಿನೊಳಗೆ ಮಣ್ಣು ಮೆತ್ತಿದ್ದು ಯಾಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲದ ಮಾತು ಇದು, ಕೂಸೇ.

ಆಗ ಬಣ್ಣಗಳು ಪೂರ್ತಿ ಒಣಗಿರಲಿಲ್ಲ. ಗಿಳಿಯನ್ನು ಮುಟ್ಟಿದರೆ ಕೈಗೆ ಹಸಿರು ಅಂಟುತ್ತಿತ್ತು. ಆಕಾಶ ಎಷ್ಟು ಕೆಳಗಿತ್ತು ಅಂದರೆ ಗರುಡ ತಲೆ ಬಗ್ಗಿಸಿಕೊಂಡು ಹಾರಬೇಕಾಗಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನುವುದೇ ಗೊತ್ತಿರಲಿಲ್ಲ. ಬೆಳಗ್ಗೆ ಹೀಗೆ ಹರಿದು, ಸಂಜೆ ಹಾಗೆ ಹರಿದು, ಮಧ್ಯಾಹ್ನ ಸುಮ್ಮನೆ ಮಲಗಿರುತ್ತಿತ್ತು.

ಗಾಳಿಯಂತೂ ಆಗ ಪುಟ್ಟ ಮಗು. ಮೆಲ್ಲಗೆ ಬೀಸುವುದು ಅದಕ್ಕೆ ಬರುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಅಲ್ಲಾಡಿಸುವುದೇ ಅದರ ಆಟ.

ಎಲ್ಲರಿಗೂ ಮಾತು ಬರುತ್ತಿತ್ತು. ಹಕ್ಕಿಗೆ, ಹಾವಿಗೆ, ಮೀನಿಗೆ, ಗಾಳಿಗೆ, ಎಲ್ಲರಿಗೂ. ಕೇಳಿಸಿಕೊಳ್ಳುವವರು ಮಾತ್ರ ಕಡಿಮೆ. ಅದೊಂದು ಈಗಲೂ ಹಾಗೇ ಇದೆ ಬಿಡು.

ಒಂದು ಕೆರೆ ಇತ್ತು. ಕೆರೆಯ ದಂಡೆಯಲ್ಲಿ ಒಂದು ಈಚಲು ಮರ. ನೀರಿನಲ್ಲಿ ಮುಖ ನೋಡಿಕೊಳ್ಳುವ ಆಸೆಗೆ ಬಿದ್ದು ಕೆರೆಯ ಮೇಲೆ ಬಾಗಿಕೊಂಡಿತ್ತು. ಆ ಮರದಲ್ಲಿ ಒಬ್ಬ ಗೀಜಗ ಇದ್ದ.

ಗೀಜಗ ಗೊತ್ತಲ್ಲ? ಗುಬ್ಬಿಯಷ್ಟೇ ಇರುತ್ತೆ, ನೆತ್ತಿ ಮಾತ್ರ ಅರಿಸಿನ ಬಳಿದ ಹಾಗೆ ಹಳದಿ. ಹಸಿ ಹುಲ್ಲನ್ನು ಉದ್ದುದ್ದ ಸೀಳಿ, ಎಳೆಗೆ ಎಳೆ ಕೂಡಿಸಿ ನೇಯ್ದು, ಮರದ ಗರಿಯ ತುದಿಗೆ ತೂಗು ಬಿಟ್ಟ ಗೂಡು ಕಟ್ಟುತ್ತೆ. ಆ ಕಾಲದಲ್ಲಿ ಹಕ್ಕಿಗಳಿಗೆ ಮೊದಲು ತಿಂದ ಕಾಳಿನ ಹೆಸರನ್ನೇ ಇಡುವ ರೂಢಿ. ಇವನು ಮೊದಲು ತಿಂದದ್ದು ಹಾರಕದ ಕಾಳು. ಅದಕ್ಕೇ ಅವನ ಹೆಸರು ಹಾರಕ.

ಹಾರಕನ ಕೊಕ್ಕು ಚಿನ್ನ ಕಣೇ. ಅವನು ಹಾಕಿದ ಗಂಟನ್ನು ಕೋತಿ ಕೂಡ ಬಿಚ್ಚಲಾರದು. ಆದರೆ ಅವನ ತಲೆ ಇತ್ತಲ್ಲ, ಅಯ್ಯಯ್ಯೋ! ಕೊಕ್ಕು ಒಂದು ಎಳೆ ನೇಯುವಷ್ಟರಲ್ಲಿ ಅವನ ತಲೆ ಹತ್ತು ಎಳೆ ನೇಯ್ದು, ಅದನ್ನೆಲ್ಲ ಸಿಕ್ಕು ಮಾಡಿ ಇಟ್ಟಿರುತ್ತಿತ್ತು.

ಆ ತಲೆಯೊಳಗೆ ಒಂದು ಮಾತು ಮನೆ ಮಾಡಿಕೊಂಡಿತ್ತು. ಅಕಸ್ಮಾತ್.

ಅಕಸ್ಮಾತ್ ನಾಳೆ ಬಿಸಿಲು ಬರದಿದ್ದರೆ? ಅಕಸ್ಮಾತ್ ಜಾಸ್ತಿ ಬಂದರೆ? ಅಕಸ್ಮಾತ್ ಹುಲ್ಲೆಲ್ಲ ಮುಗಿದುಹೋದರೆ? ಏಳುವಾಗ ಅಕಸ್ಮಾತ್, ಕೂರುವಾಗ ಅಕಸ್ಮಾತ್, ಕಾಳು ನುಂಗುವಾಗ ಅಕಸ್ಮಾತ್ ಗಂಟಲಿಗೆ ಸಿಕ್ಕಿಕೊಂಡರೆ? ಹಾಗೆ ಅಂದುಕೊಂಡ ಮೇಲೆ ಸಿಕ್ಕಿಕೊಳ್ಳದೆ ಇರುತ್ತಾ? ಸಿಕ್ಕಿಕೊಳ್ಳುತ್ತಿತ್ತು.

ಗೀಜಗರಲ್ಲಿ ಒಂದು ಪದ್ಧತಿ ಇದೆ. ಗಂಡು ಗೂಡನ್ನು ಅರ್ಧ ನೇಯುತ್ತೆ. ಆಗ ಅದು ಬೋರಲು ಹಾಕಿದ ಟೋಪಿಯ ಹಾಗೆ ಇರುತ್ತೆ, ನಡುವೆ ಕೂರುವುದಕ್ಕೆ ಒಂದು ಅಡ್ಡಪಟ್ಟಿ. ಹೆಣ್ಣು ಬಂದು ಆ ಪಟ್ಟಿಯ ಮೇಲೆ ಕೂತು, ಅಲ್ಲಿ ಎಳೆದು ಇಲ್ಲಿ ಎಳೆದು ನೋಡುತ್ತೆ. ಒಪ್ಪಿದರೆ ಮದುವೆ. ಒಪ್ಪದಿದ್ದರೆ ನಮಸ್ಕಾರ, ಹೋಗಿ ಬನ್ನಿ.

ಹಾರಕನ ಅರ್ಧ ಗೂಡನ್ನು ನೋಡುವುದಕ್ಕೆ ಬಂದವಳು ನವಣೆ. ಮಾತು ಕಡಿಮೆ, ಕಣ್ಣು ಚುರುಕು. ಪಟ್ಟಿಯ ಮೇಲೆ ಕೂತಳು. ಎಳೆದಳು. ಜಗ್ಗಿದಳು. ಒಂದು ಸಲ ನೆಗೆದೂ ನೋಡಿದಳು.

"ಗಟ್ಟಿ ಇದೆ ಕಣಯ್ಯ. ನನಗೆ ಒಪ್ಪಿಗೆ" ಅಂದಳು. "ಆದರೆ ಬೇಗ ಮುಗಿಸು. ಜೋಳದ ತೆನೆಗೆ ಹಾಲು ತುಂಬೋ ಹೊತ್ತಿಗೆ ನಾನು ಮೊಟ್ಟೆ ಇಡಬೇಕು. ನನ್ನ ಹೊಟ್ಟೆಯಲ್ಲಿರೋದು ನಿನ್ನ ಯೋಚನೆ ಮುಗಿಯಲಿ ಅಂತ ಕಾಯೋದಿಲ್ಲ."

ಹಾರಕನಿಗೆ ಎಷ್ಟು ಖುಷಿ ಆಯಿತು ಅಂದರೆ ಈಚಲು ಮರವನ್ನು ಸುತ್ತಿ ಸುತ್ತಿ ಹಾರಿದ. ಹಾರುತ್ತಾ ಹಾರುತ್ತಾ ಒಳಗಿನಿಂದ ಆ ಮಾತು ಎದ್ದು ಕೂತಿತು.

ಅಕಸ್ಮಾತ್ ಹಾವು ಬಂದರೆ?

ಮುಗಿಯಿತು ಬಿಡು ಕಥೆ. ಗೂಡು ನೇಯುವುದನ್ನು ಅಲ್ಲಿಗೇ ಬಿಟ್ಟು ಅವನು ನೇರವಾಗಿ ಹಾವಿನ ಹತ್ತಿರ ಹೋದ. ಕೇರೆ ಹಾವು ಏರಿಯ ಮೇಲೆ ಬಿಸಿಲು ಕಾಯಿಸುತ್ತಾ ಅರೆನಿದ್ದೆಯಲ್ಲಿತ್ತು.

"ಹಾವಣ್ಣಾ, ನೀನು ನನ್ನ ಗೂಡಿಗೆ ಬರ್ತೀಯಾ?"

"ಯಾವ ಗೂಡು?"

"ಅಗೋ, ಆ ಈಚಲು ಮರದ್ದು."

ಹಾವು ಒಂದು ಕಣ್ಣಿನಲ್ಲಿ ನೋಡಿತು. "ಅಲ್ಲೊಂದು ಗೂಡಿದೆ ಅಂತಾನೇ ನನಗೆ ಗೊತ್ತಿರಲಿಲ್ಲ ಕಣಪ್ಪ. ಇನ್ನೊಂದು ಸಲ ತೋರಿಸು, ಯಾವ ಗರಿ?"

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಇವನನ್ನು ನೋಡಿಯೇ ಅಂದಿರಬೇಕು.

ಹಾರಕ ಎದೆ ಬಡಿದುಕೊಂಡು ವಾಪಸ್ಸು ಬಂದ. ಹಾವು ಒಳಗೆ ಬರಬಾರದು ಅಂತ ಗೂಡಿನ ಬಾಗಿಲನ್ನು ಕೆಳಕ್ಕೆ ತಿರುಗಿಸಿ, ಅದಕ್ಕೊಂದು ಕೊಳವೆ ನೇಯ್ದ. ಒಳ್ಳೆಯ ಉಪಾಯವೇ. ಆದರೆ ನಿಲ್ಲಿಸಬೇಕಲ್ಲ? ಅಕಸ್ಮಾತ್ ಉದ್ದ ಸಾಲದಿದ್ದರೆ? ಇನ್ನಷ್ಟು ನೇಯ್ದ. ಅಕಸ್ಮಾತ್ ಹಾವೇ ಇನ್ನೂ ಉದ್ದ ಬೆಳೆದರೆ? ಇನ್ನಷ್ಟು ನೇಯ್ದ. ನೇಯ್ದು ನೇಯ್ದು ಕೊಳವೆಯ ತುದಿ ಕೆರೆಯ ನೀರಿಗೆ ಮುಳುಗಿತು. ಒಂದು ಮೀನು ಕೊಳವೆಯೊಳಗೆ ತಲೆ ಹಾಕಿ, "ಯಾರಿದ್ದೀರಮ್ಮ ಮನೇಲಿ?" ಅಂತ ಕೂಗಿತು.

ನವಣೆ ಮುಳುಗಿದ ಕೊಳವೆಯನ್ನು ನೋಡಿದಳು. "ನಾನು ಮನೆಗೆ ಈಜಿಕೊಂಡು ಹೋಗಬೇಕಾ?"

ನಗಬೇಡ, ಪಾಪ ಅವನ ಸಂಕಟ ಅವನಿಗೆ. ಆ ಕೊಳವೆಯನ್ನೆಲ್ಲ ಬಿಚ್ಚಿದ. ಮತ್ತೆ ನೇಯ್ದ. ಅಕಸ್ಮಾತ್ ಕಾಗೆ ಬಂದರೆ? ಬಿಚ್ಚಿದ. ಅಕಸ್ಮಾತ್ ಮಳೆ ಬಂದು ಸೋರಿದರೆ? ಬಿಚ್ಚಿದ. ಬೆಳಗ್ಗೆ ನೇಯ್ದದ್ದು ಸಂಜೆಗೆ ಇಲ್ಲ. ಹುಲ್ಲು ಬಾಡುತ್ತಿತ್ತು, ಗೂಡು ಬಡವಾಗುತ್ತಿತ್ತು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇದೆ. ಇವನು ಕುಲಾವಿ ಹೊಲಿದು ಹೊಲಿದು ತೊಟ್ಟಿಲನ್ನೇ ಮರೆತಿದ್ದ.

ಅಲ್ಲಿಗೊಂದು ಗೊರವಂಕ ಬಂತು. ಎಲ್ಲರಿಗೂ ಬುದ್ಧಿ ಹೇಳುವ ಹಕ್ಕಿ ಅದು. "ಅಯ್ಯೋ, ಅಷ್ಟೊಂದು ಯಾಕೆ ಯೋಚನೆ ಮಾಡ್ತೀಯ? ಯೋಚನೆ ಮಾಡಬೇಡ, ಅಷ್ಟೇ!" ಅಂದು ಹಾರಿಹೋಯಿತು.

ಅಷ್ಟೇ ಅಂತೆ ಅಷ್ಟೇ! ಇಂಥವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ. ಕೆಮ್ಮುವವನಿಗೆ ಕೆಮ್ಮಬೇಡ ಅಂದರೆ ಕೆಮ್ಮು ನಿಲ್ಲುತ್ತಾ? ಪಾಪ, ಹಾರಕ ಅದನ್ನೂ ಮಾಡಿ ನೋಡಿದ. ಕಣ್ಣು ಮುಚ್ಚಿ, ರೆಕ್ಕೆ ಬಿಗಿದು, ಹಾವಿನ ಯೋಚನೆ ಮಾಡಬಾರದು, ಹಾವಿನ ಯೋಚನೆ ಮಾಡಬಾರದು ಅಂತ ಕೂತ. ಆಗ ಹಾವೊಂದೇ ಅಲ್ಲ, ಹಾವಿನ ಹೆಂಡತಿ, ಮಕ್ಕಳು, ಬೀಗರು, ಎಲ್ಲರೂ ಸಾಲಾಗಿ ಬಂದು ಅವನ ತಲೆಯೊಳಗೆ ಕೂತರು.

ಅಷ್ಟರಲ್ಲಿ ಜೋಳದ ತೆನೆಗೆ ಹಾಲು ತುಂಬಿತು.

ನವಣೆ ಕಾಯಲಿಲ್ಲ. ಕಾಯುವ ಹಾಗಿರಲಿಲ್ಲ. ಬಿಚ್ಚಿ ನೇಯ್ದು, ನೇಯ್ದು ಬಿಚ್ಚಿ ತೆಳ್ಳಗಾಗಿದ್ದ ಆ ಗೂಡಿನೊಳಗೇ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ನೋಡು ಬಾ" ಅಂದಳು.

ಒಳಗೆ ಒಂದು ಬಿಳಿ ಮೊಟ್ಟೆ. ಸಂಪಿಗೆ ಮೊಗ್ಗಿನಷ್ಟು. ಅದರ ಮೇಲೆ ಹುಲ್ಲಿನ ಸಂದಿಯಿಂದ ಬಂದ ಬಿಸಿಲು ಅಲ್ಲಲ್ಲಿ ಚುಕ್ಕೆ ಇಟ್ಟಿತ್ತು. ಹಾರಕ ಅದನ್ನು ನೋಡುತ್ತಾ ನಿಂತ. ಎಷ್ಟೋ ದಿನದ ಮೇಲೆ ಅವನ ತಲೆಯೊಳಗೆ ಒಂದು ಸದ್ದೂ ಇರಲಿಲ್ಲ. ಅಷ್ಟು ಚಂದ ಇತ್ತು ಅದು.

ಆಗ ಗಾಳಿ ಓಡಿ ಬಂತು.

"ಉಯ್ಯಾಲೆ! ಉಯ್ಯಾಲೆ!" ಅಂತ ಗೂಡನ್ನು ಹಿಡಿದುಕೊಂಡಿತು. ಅದಕ್ಕೇನು ಗೊತ್ತು, ಮಗು. ಗೂಡು ಒಣ ತರಗೆಲೆಯಷ್ಟು ಹಗುರ. ಆ ಕಡೆ ಹೋಯಿತು, ಈ ಕಡೆ ಬಂತು. ಒಳಗೆ ಮೊಟ್ಟೆ ಉರುಳಿತು. ತಡೆಯುವುದಕ್ಕೆ ಅಂಚು ಅಂತ ಒಂದು ಇರಲಿಲ್ಲ, ನೇಯುವುದಕ್ಕೆ ಅವನಿಗೆ ಪುರಸೊತ್ತು ಎಲ್ಲಿತ್ತು? ಉರುಳಿಕೊಂಡು ಕೊಳವೆಗೆ ಬಂತು, ಕೊಳವೆಯಿಂದ ಜಾರಿತು, ಕೆರೆಗೆ ಬಿತ್ತು.

ಬಿತ್ತು, ಕೂಸೇ. ನನ್ನನ್ನು ಹಾಗೆ ನೋಡಬೇಡ. ಕಥೆ ಅಂದ ಮಾತ್ರಕ್ಕೆ ಯಾವುದೂ ಬೀಳುವುದಿಲ್ಲ ಅಂತ ಏನಿಲ್ಲ. ನೀರಿನ ಮೇಲೆ ಒಂದು ಬಳೆ ಎದ್ದಿತು, ಅದರ ಸುತ್ತ ಇನ್ನೊಂದು ಬಳೆ. ಆಮೇಲೆ ಕೆರೆ ಮೊದಲಿನ ಹಾಗೇ ಆಯಿತು.

ನವಣೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗರಿಯ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಹೇಳಿದಳು. "ಹೊಟ್ಟೆಯಲ್ಲಿ ಇನ್ನೂ ಇವೆ. ನಾಳೆ ಬಿಸಿಲು ಏರೋ ಹೊತ್ತಿಗೆ ಇನ್ನೊಂದು ಬರುತ್ತೆ. ಎಲ್ಲಿ ಇಡಲಿ, ಹೇಳು. ಎಲ್ಲಿ ಇಡಲಿ?"

ಹಾರಕನ ತಲೆ ಮತ್ತೆ ಶುರು ಮಾಡಿತು. ಅಕಸ್ಮಾತ್ ನಾಳೆಯೂ ಗಾಳಿ ಬಂದರೆ? ಅಕಸ್ಮಾತ್ ಅವೂ ಬಿದ್ದರೆ?  ಉಸಿರು ಅರ್ಧಕ್ಕೇ ನಿಂತು ವಾಪಸ್ಸು ಹೋಗುತ್ತಿತ್ತು. ಹುಚ್ಚು ಹಿಡಿದವನ ಹಾಗೆ ಗೂಡಿಗೆ ಹಾರಿ, "ಇದು ಬೇಡ, ಪೂರ್ತಿ ಬಿಚ್ಚಿ ಬೇರೆ ಕಟ್ತೀನಿ" ಅಂತ ಎಳೆ ಎಳೆಯುವುದಕ್ಕೆ ಶುರು ಮಾಡಿದ.

"ಮುಟ್ಟಬೇಡ!" ಅಂದಳು ನವಣೆ. ಅವಳು ಗಟ್ಟಿ ಮಾತಾಡಿದ್ದು ಅದೇ ಮೊದಲು. "ಇದನ್ನೂ ಬಿಚ್ಚಿದರೆ ನನಗೆ ಕೂರೋಕೂ ಜಾಗ ಇರಲ್ಲ."

ಹಾರಕ ಕೆಳಗೆ ಇಳಿದ. ಕೆರೆಯ ಅಂಚಿನ ಕೆಸರಿನಲ್ಲಿ ನಿಂತು, ಮೊಟ್ಟೆ ಮುಳುಗಿದ ಜಾಗವನ್ನು ನೋಡುತ್ತಾ ನಡುಗಿದ. ಹೊತ್ತು ಇಳಿಯುತ್ತಿತ್ತು. ಆಕಾಶದ ಕೆಂಪು ಇನ್ನೂ ಹಸಿ ನೋಡು, ತೊಟ್ಟು ತೊಟ್ಟಾಗಿ ನೀರಿಗೆ ಇಳಿದು ಕೆರೆಯೆಲ್ಲ ಕೆಂಪಾಗಿತ್ತು.

"ಯಾರೋ ಅದು, ನನ್ನ ಬಾಗಿಲಲ್ಲಿ ನಿಂತು ನಡುಗ್ತಾ ಇರೋದು?"

ಅವನ ಕಾಲ ಹತ್ತಿರವೇ ಒಂದು ಬಿಲ. ಬಿಲದ ಬಾಗಿಲಲ್ಲಿ ಏಡವ್ವ, ಹಳೇ ಕಾಲದ ಏಡಿ. ಅವಳಿಗೆ ಕಿವಿ ಮಂದ, ಜೊತೆಗೆ ಮರೆವು. ಅದಕ್ಕೆ ಅವಳೇ ಒಂದು ದಾರಿ ಮಾಡಿಕೊಂಡಿದ್ದಳು. ಯಾರು ಏನು ಹೇಳಿದರೂ ಹಸಿಮಣ್ಣಿನಲ್ಲಿ ಒಂದು ಉಂಡೆ ಮಾಡಿ ಬಾಗಿಲಲ್ಲಿ ಇಟ್ಟುಕೊಳ್ಳುವುದು. ಉಂಡೆ ನೋಡಿದರೆ ಮಾತು ನೆನಪಾಗುತ್ತಿತ್ತು.

ಹಾರಕ ಎಲ್ಲವನ್ನೂ ಒಂದೇ ಉಸಿರಿಗೆ ಸುರಿದ. ಹಾವು ಕಾಗೆ ಮಳೆ ಗಾಳಿ ಕೊಳವೆ ಮೀನು ನಾಳೆ ಅಕಸ್ಮಾತ್ ಅಕಸ್ಮಾತ್.

"ಏನು? ಜೋಳ ಹುರಿದ ಹಾಗೆ ಪಟಪಟ ಅಂದರೆ ಈ ಮುದುಕಿಗೆ ಏನು ಕೇಳಿಸಬೇಕು? ಒಂದೊಂದಾಗಿ ಹೇಳು ಮಗಾ. ಗಟ್ಟಿಯಾಗಿ."

ಹಾರಕ ಉಸಿರು ಎಳೆದುಕೊಂಡ. ಗಟ್ಟಿಯಾಗಿ ಹೇಳಬೇಕು ಅಂದರೆ ಉಸಿರು ಪೂರ್ತಿ ಬೇಕಲ್ಲ. "ಹಾವು!"

"ಹಾವು ಏನು? ಬಂತಾ?"

"ಇಲ್ಲ. ಬರಬಹುದು."

"ಹೂಂ. ಬರಬಹುದು." ಏಡವ್ವ ಕೊಂಡಿಯಲ್ಲಿ ಮಣ್ಣು ತೆಗೆದು, ಉರುಟು ಮಾಡಿ, ಪಕ್ಕಕ್ಕೆ ಇಟ್ಟಳು. "ಇದು ಹಾವು. ಆಮೇಲೆ?"

"ಕಾಗೆ!" ಇನ್ನೊಂದು ಉಂಡೆ. "ಮಳೆ!" ಇನ್ನೊಂದು ಉಂಡೆ. "ನಾಳೆ ಗಾಳಿ ಮತ್ತೆ ಬರಬಹುದು!" ಇನ್ನೊಂದು.

ಆಮೇಲೆ ಹಾರಕ ಏನೋ ಬಾಯೊಳಗೇ ಗೊಣಗಿದ.

"ಕೇಳಿಸಲಿಲ್ಲ."

"ನವಣೆ ನನ್ನ ಬಿಟ್ಟು..."

"ಏನು? ನವಣೆ ಬಿತ್ತಬೇಕಾ?"

"ನವಣೆ ನನ್ನನ್ನು ಬಿಟ್ಟು ಹೋಗಬಹುದು ಅಜ್ಜೀ!" ಅಂತ ಹಾರಕ ಕಿರುಚಿದ. ಕೆರೆಯ ಕಪ್ಪೆಗಳೆಲ್ಲ ವಟಗುಟ್ಟುವುದನ್ನು ನಿಲ್ಲಿಸಿದವು. ಈಚಲು ಮರದ ಗರಿಯ ಮೇಲೆ ಕೂತಿದ್ದ ನವಣೆಗೂ ಕೇಳಿಸಿತು.

ಏಡವ್ವ ಅದಕ್ಕೂ ಒಂದು ಉಂಡೆ ಮಾಡಿದಳು. ಎಲ್ಲದಕ್ಕೂ ಮಾಡಿದ ಹಾಗೆಯೇ.

"ನಾಗರಹಾವು!" ಅಂದ ಹಾರಕ.

"ಅದು ಆಯಿತಲ್ಲೋ" ಅಂತ ಏಡವ್ವ ಮೊದಲಿನ ಉಂಡೆ ತೋರಿಸಿದಳು.

"ಇದು ಬೇರೆ ಹಾವು ಅಜ್ಜಿ. ಇದು ಮೇಲಿನಿಂದ ಬರೋದು."

"ಮೇಲಿನಿಂದಾದರೂ ಬರಲಿ, ಕೆಳಗಿನಿಂದಾದರೂ ಬರಲಿ. ಹಾವು ಹಾವೇ. ಅದೇ ಉಂಡೆ."

"ಆಲಿಕಲ್ಲು!"

"ಅದು ಮಳೆ ಅಲ್ವಾ? ಅದೇ ಉಂಡೆ. ನಿನ್ನ ಚಿಂತೆ ಅಂಗಿ ಬದಲಾಯಿಸಿಕೊಂಡು ಬಂದರೆ ನಾನು ಹೊಸ ಉಂಡೆ ಮಾಡಲ್ಲಪ್ಪ. ನನ್ನ ಕೊಂಡಿ ನೋಯುತ್ತೆ."

ಹಾರಕ ಯೋಚಿಸಿದ. ಇನ್ನೇನೋ ಇದೆ ಅಂದುಕೊಂಡ, ಹುಡುಕಿದ. ಹುಡುಕಿ ತಂದದ್ದೆಲ್ಲ ಆಗಲೇ ಅಲ್ಲಿ ಸಾಲಾಗಿ ಕೂತಿತ್ತು. ತಲೆಯೊಳಗೆ ಸಂತೆಯಷ್ಟು ಜನ ಇದ್ದಾರೆ ಅಂದುಕೊಂಡಿದ್ದವನು ಬಾಗಿಲಲ್ಲಿದ್ದ ಉಂಡೆಗಳನ್ನೇ ನೋಡಿದ. ಒಂದು ಹಿಡಿಯಷ್ಟೂ ಇರಲಿಲ್ಲ.

"ಇಷ್ಟೇನಾ ಅಜ್ಜಿ?"

"ಇಷ್ಟೇ. ಇವೇ ಸುತ್ತಿ ಸುತ್ತಿ ಬರ್ತಿದ್ದವು, ನೀನು ಹೊಸಬರು ಅಂತ ಮಣೆ ಹಾಕ್ತಿದ್ದೆ." ಏಡವ್ವ ಅವನನ್ನೇ ನೋಡಿದಳು. "ಇನ್ನೊಂದಿದೆ. ಅದನ್ನು ಹೇಳಿಲ್ಲ ನೀನು."

ಹಾರಕ ನೀರಿನ ಕಡೆ ತಿರುಗಿದ.  ಕೆಂಪು ಕೆರೆ ನೇರಳೆಯಾಯಿತು. ಚುಕ್ಕೆಗಳು ಒಂದೊಂದಾಗಿ ನೀರು ಕುಡಿಯುವುದಕ್ಕೆ ಇಳಿದವು. ಏಡವ್ವನಿಗೆ ಏನೂ ಅವಸರ ಇರಲಿಲ್ಲ.

"ಮೊಟ್ಟೆ" ಅಂದ ಹಾರಕ.

"ಬೀಳಬಹುದಾ?"

"ಇಲ್ಲ ಅಜ್ಜಿ. ಬಿತ್ತು."

ಕಿವಿ ಮಂದ ಅಲ್ವಾ ಏಡವ್ವನಿಗೆ? ಇದನ್ನು ಹಾರಕ ಪಿಸುಮಾತಿನಲ್ಲಿ ಹೇಳಿದ. ಆದರೂ ಕೇಳಿಸಿತು. ಅವಳು ಈ ಸಲ ಹೆಚ್ಚು ಮಣ್ಣು ತೆಗೆದುಕೊಂಡಳು. ನಿಧಾನವಾಗಿ, ಬಿರುಕು ಇಲ್ಲದ ಹಾಗೆ, ತಟ್ಟಿ ತಟ್ಟಿ ಉರುಟು ಮಾಡಿದಳು. ಹಾರಕ ಅತ್ತ. ಆ ದಿನವೆಲ್ಲ ನಡುಗಿದ್ದನೇ ಹೊರತು ಅತ್ತಿರಲಿಲ್ಲ. ಈಗ ಜೋರಾಗಿ, ನಾಚಿಕೆ ಇಲ್ಲದೆ ಅತ್ತ. ಏಡವ್ವ ಸಮಾಧಾನದ ಮಾತು ಒಂದೂ ಆಡಲಿಲ್ಲ, ಎದ್ದೂ ಹೋಗಲಿಲ್ಲ.

"ಸರಿ" ಅಂದಳು ಆಮೇಲೆ. "ಇನ್ನು ಇವನ್ನ ತಗೊಂಡು ಹೋಗು."

"ಎಲ್ಲಿಗೆ?"

"ನನ್ನನ್ನ ಕೇಳ್ತೀಯಲ್ಲೋ! ನಿನ್ನ ಚಿಂತೆ, ನಿನ್ನ ಮನೆ. ನನಗೆ ಬಾಗಿಲು ದಾಟೋಕೆ ಜಾಗ ಇಲ್ಲ."

"ಕೆರೆಗೆ ಎಸೆದುಬಿಡಲಾ?"

"ಎಸಿ. ಕೆರೆ ತುಂಬ ಇರೋದು ಮಣ್ಣೇ. ನಾಳೆ ಬಂದು ಮತ್ತೆ ಉಂಡೆ ಮಾಡಿಸ್ಕೋತೀಯ. ಹಸಿ ಆರೋ ಮುಂಚೆ ಹೋಗು, ಎಲ್ಲಾದರೂ ಅಂಟಿಸು."

ಹಾರಕ ಹಾವಿನ ಉಂಡೆಯನ್ನು ಕೊಕ್ಕಿನಲ್ಲಿ ಹಿಡಿದು ಹಾರಿದ. ಬಾಯಿ ತುಂಬ ಮಣ್ಣು. ಅಕಸ್ಮಾತ್ ಅನ್ನೋಣ ಅಂದರೂ ನಾಲಿಗೆ ಹೊರಳುವ ಹಾಗಿರಲಿಲ್ಲ. ಗೂಡಿನೊಳಗೆ ಹೋಗಿ ಗೋಡೆಗೆ ಒತ್ತಿದ. ಅಂಟಿಕೊಂಡಿತು. ಆಮೇಲೆ ಕಾಗೆ. ಆಮೇಲೆ ಮಳೆ. ಆಮೇಲೆ ಗಾಳಿ. ಒಂದೊಂದಾಗಿ ತಂದ, ಒಂದೊಂದಾಗಿ ಒತ್ತಿದ.

ಇನ್ನೊಂದನ್ನು ತರುವಾಗ ನವಣೆ ದಾರಿಯಲ್ಲಿ ಅಡ್ಡ ಕೂತಿದ್ದಳು.

"ಅದು ನನ್ನ ಉಂಡೆ ಅಲ್ವಾ? ಕೊಡು ಇಲ್ಲಿ" ಅಂದಳು.

ತಾನೇ ತೆಗೆದುಕೊಂಡು ಹೋಗಿ, ತಾನು ದಿನಾ ಕೂರುವ ಜಾಗದ ಪಕ್ಕದಲ್ಲೇ ಅಂಟಿಸಿದಳು.  

ಕೊನೆಯದು ದೊಡ್ಡದು. ಅದನ್ನು ಕಚ್ಚಿಕೊಂಡು ಹಾರುವಾಗ ಹಾರಕ ಎರಡು ಸಲ ಗರಿಯ ಮೇಲೆ ಕೂತು ಸುಧಾರಿಸಿಕೊಂಡ. ಅಷ್ಟು ಭಾರ. ಒಳಗೆ ಹೋಗಿ, ಎಲ್ಲಿ ಇಡುವುದು ಅಂತ ನೋಡಿದ. ಮೊಟ್ಟೆ ಉರುಳಿ ಹೋದ ಜಾಗ ಕಂಡಿತು, ಗೂಡಿನ ನೆಲ ಮುಗಿದು ಕೊಳವೆ ಶುರುವಾಗುವಲ್ಲಿ. "ಇಲ್ಲೇ ತಾನೆ ಹೋದದ್ದು. ಇಲ್ಲೇ ಇರಲಿ" ಅಂದುಕೊಂಡು ಅಲ್ಲೇ ಇಟ್ಟು, ಎದೆಯಿಂದ ಒತ್ತಿದ.

ಮಲಗುವ ಹೊತ್ತಿಗೆ ಒಳಗಿನಿಂದ ಆ ಮಾತು ಮತ್ತೆ ಎದ್ದಿತು. ಅಕಸ್ಮಾತ್ ಹಾವು ಬಂದರೆ? ಹಾರಕ ಕತ್ತು ತಿರುಗಿಸಿ ಗೋಡೆ ನೋಡಿದ. ಹಾವಿನ ಉಂಡೆ ಅಲ್ಲೇ ಇತ್ತು. "ಇದ್ದೀಯಾ? ಇರು" ಅಂದ. ಅಕಸ್ಮಾತ್ ಕಾಗೆ? "ನೀನೂ ಇದ್ದೀಯ. ಇರು." ಹಾಗೆ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಮಾತಾಡಿಸುತ್ತಾ, ಅರ್ಧದಲ್ಲೇ ಅವನಿಗೆ ನಿದ್ದೆ ಬಂತು. ಕನಸಿನಲ್ಲಿ ಹುಲ್ಲಿನ ಎಳೆಗಳು ತಾವಾಗಿಯೇ ನೇಯ್ದುಕೊಳ್ಳುತ್ತಿದ್ದವು.

ಬೆಳಗ್ಗೆ ಎದ್ದು ಕೆಲಸಕ್ಕೆ ಕೂತ. ಹಾವಿಗೆ ಅಂತ ಕೊಳವೆಯನ್ನು ಮೊಳದುದ್ದ ನೇಯ್ದ. ಅಕಸ್ಮಾತ್ ಸಾಲದಿದ್ದರೆ ಅಂತ ತಲೆ ಕೇಳಿತು. "ಇಷ್ಟು ಸಾಕು" ಅಂದ ಹಾರಕ. ಮಳೆಗೆ ಅಂತ ಮೇಲೆ ಇನ್ನೊಂದು ಪದರ ಹೊದಿಸಿದ. ಇಷ್ಟು ಸಾಕು. ಗಾಳಿಗೆ? ಗಾಳಿಗೆ ಅವನಿಂದ ಆಗುವುದು ಏನೂ ಇರಲಿಲ್ಲ. ಗಾಳಿಯ ಉಂಡೆಯನ್ನು ಒಂದು ಸಲ ಕೊಕ್ಕಿನಿಂದ ಮುಟ್ಟಿ ಹೊರಗೆ ಬಂದ.

ಬಿಸಿಲು ಏರಿತು. ನವಣೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಧ್ವನಿ ಬಂತು. "ಇಟ್ಟೆ ಕಣಯ್ಯ."

ಹಾರಕ ಹೊರಗೆ ಗರಿಯ ಮೇಲೆ ಕೂತಿದ್ದ. ದೂರದಲ್ಲಿ ಜೋಳದ ಹೊಲ ಬಾಗಿ ಏಳುವುದು ಕಾಣಿಸಿತು. ಗಾಳಿ ಬರುತ್ತಿತ್ತು.

"ಉಯ್ಯಾಲೆ! ಉಯ್ಯಾಲೆ!"

ಗಾಳಿ ಗೂಡನ್ನು ಹಿಡಿದು ತಳ್ಳಿತು. ಗೂಡು ಹೋಯಿತು, ಬಂತು. ಆದರೆ ನಿನ್ನೆಯ ಹಾಗೆ ಹಾರಾಡಲಿಲ್ಲ. ತುಂಬಿದ ಕೊಡ ಹೊತ್ತವಳು ನಡೆಯುತ್ತಾಳಲ್ಲ, ಹಾಗೆ ನಿಧಾನವಾಗಿ ತೂಗಿತು. ತುಂಬಿದ ಕೊಡ ತುಳುಕುವುದಿಲ್ಲ.

ಗಾಳಿಗೆ ಸಿಟ್ಟು ಬಂತು. ಮಕ್ಕಳಿಗೆ ಆಟ ಕೆಟ್ಟರೆ ಹೇಗಿರುತ್ತೆ, ನಿನಗೆ ನಾನು ಹೇಳಬೇಕಾ? ಹಿಂದಕ್ಕೆ ಹೋಗಿ, ಕೆನ್ನೆ ಉಬ್ಬಿಸಿಕೊಂಡು, ಓಡಿ ಬಂದು ಈಚಲು ಮರವನ್ನೇ ಗುದ್ದಿತು. ಮರ ಬಾಗಿತು. ಗೂಡು ಪೂರ್ತಿ ಓರೆಯಾಯಿತು. ಒಳಗೆ ಮೊಟ್ಟೆ ಕದಲಿತು.

"ಹಾರಕಾ!" ನವಣೆ ಕೂಗಿದಳು. "ಉರುಳ್ತಾ ಇದೆ!"

 ಒಳಗೆ ಮೊಟ್ಟೆ ಉರುಳುವ ಸದ್ದು ಅವನಿಗೆ ಕೇಳಿಸುತ್ತಿತ್ತು. ನಿನ್ನೆ ಹೋದ ದಾರಿಯಲ್ಲೇ ಹೋಗುತ್ತಿತ್ತು ಅದು. ನೆಲ ದಾಟಿತು. ಅಂಚಿಗೆ ಬಂತು. ಕೊಳವೆಯ ಬಾಯಿಗೆ ಬಂತು.

ಟಕ್.

ನಿಂತಿತು.

"ಏನಾಯಿತು?" ಅಂದ ಹಾರಕ. 

ನವಣೆ ಒಳಗೇ ಬಗ್ಗಿ ನೋಡಿದಳು. ಆಮೇಲೆ ಹೇಳಿದಳು. "ನಮ್ಮ ಮೊದಲನೆಯದು ಹಿಡಿದುಕೊಂಡಿದೆ ಕಣಯ್ಯ."

ಬಿದ್ದ ಮೊಟ್ಟೆಗೆ ಅಂತ ಏಡವ್ವ ಮಾಡಿದ ಉಂಡೆ ಇತ್ತಲ್ಲ, ಅದಕ್ಕೆ ಒರಗಿಕೊಂಡು ಹೊಸ ಮೊಟ್ಟೆ ನಿಂತಿತ್ತು. ತಂಗಿ ಅಕ್ಕನ ಮಗ್ಗುಲಿಗೆ ಮಲಗಿದ ಹಾಗೆ.

ಗಾಳಿ ಸುಸ್ತಾಗಿ ಗರಿಯ ಮೇಲೆ ಕೂತು ಏದುಸಿರು ಬಿಟ್ಟಿತು. "ಏನಿಟ್ಟಿದ್ದೀಯ ಒಳಗೆ, ಇಷ್ಟು ಭಾರ?"

"ನನ್ನ ಚಿಂತೆ" ಅಂದ ಹಾರಕ.

"ತೆಗೆದು ಬಿಸಾಕು. ಆಡೋಣ."

"ಇಲ್ಲ ಮಗೂ. ತಲೆಯೊಳಗೆ ಇದ್ದಾಗ ನನ್ನನ್ನೇ ಅಲ್ಲಾಡಿಸ್ತಿದ್ದವು. ಈಗ ಗೋಡೆಗೆ ಕೂತು ಮನೆ ಹಿಡಿದುಕೊಂಡಿವೆ. ಇರಲಿ ಬಿಡು."

ಹಾಗಂತ ಹಾರಕನ ತಲೆ ಸುಮ್ಮನಾಯಿತು ಅಂದುಕೊಂಡೆಯಾ? ಎಲ್ಲಿ ಸುಮ್ಮನಾಗುತ್ತೆ! ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೊಟ್ಟೆ ಒಡೆದು ಮರಿ ಬಂದಾಗ ಅಕಸ್ಮಾತ್ ಹಾರುವುದು ಕಲಿಯದಿದ್ದರೆ ಅಂತ ಒಂದು ಬಂತು. ಬಂದಾಗ ಅವನು ಗೂಡು ಬಿಚ್ಚಲಿಲ್ಲ. ಕೆರೆಗೆ ಇಳಿದು, ಅದನ್ನು ಗಟ್ಟಿಯಾಗಿ ಹೇಳಿ, ಒಂದು ಉಂಡೆ ಮಣ್ಣು ತಂದು ಅಂಟಿಸಿದ. ಅಂಟಿಸಿ ಕೆಲಸಕ್ಕೆ ಹೋದ. ಅವನ ಮಕ್ಕಳು ಅದನ್ನು ನೋಡಿದವು, ಅವೂ ಹಾಗೇ ಮಾಡಿದವು. ಆ ಮಕ್ಕಳ ಮಕ್ಕಳೂ ಹಾಗೇ ಮಾಡಿದವು.

ಎಲ್ಲಾದರೂ ಒಂದು ಹಳೇ ಗೀಜಗನ ಗೂಡು ಕಳಚಿ ಬಿದ್ದದ್ದು ಸಿಕ್ಕರೆ, ಒಳಗೆ ಬೆರಳು ಹಾಕಿ ನೋಡು. ಹುಲ್ಲಿನ ಗೋಡೆಗೆ ಒಣಗಿದ ಮಣ್ಣು ಮೆತ್ತಿರುತ್ತೆ. ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುವುದಕ್ಕೆ ಅಂತಾರೆ ಕೆಲವರು. ಅನ್ನಲಿ, ಅವರ ಬಾಯಿ ಯಾರು ಹಿಡಿಯುತ್ತಾರೆ? ನೀನು ಮಾತ್ರ ಅದನ್ನು ಕೀಳುವುದಕ್ಕೆ ಹೋಗಬೇಡ.

ಅದಕ್ಕೇ ಕೂಸೇ, ಇವತ್ತಿಗೂ ಗೀಜಗನ ಗೂಡು ಗಾಳಿಗೆ ಅಷ್ಟು ತೂಗಿದರೂ ಒಳಗೆ ಮರಿಗಳು ನಿದ್ದೆ ಮಾಡುತ್ತವೆ, ಬಾಗಿಲ ಅಂಚಿನಲ್ಲಿ ಅವು ಯಾವತ್ತೂ ನೋಡದ ಅಕ್ಕ ಮಣ್ಣಾಗಿ ಕೂತು ಕಾಯುತ್ತಿರುತ್ತಾಳೆ.